ಕೇಳಿ ತಂದ ಮಣ್ಣು

ಮೂಕಮ್ಮ ಬೂದಿಯನ್ನೂ ಕೇಳಿಯೇ ತೆಗೆದುಕೊಳ್ಳುವವಳು. ಬಚ್ಚಲೊಲೆಯ ಬೂದಿ ಎಂದರೆ ಯಾರಿಗೂ ಬೇಡದ್ದು. ತುಂಬಿದರೆ ಒಲೆ ಉರಿಯುವುದಿಲ್ಲ, ತೆಗೆದು ಹೊರಗೆ ಎಸೆಯಲೇಬೇಕು. ಆದರೂ ಅವಳು ಬಾಗಿಲ ಹೊರಗೆ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ನಿಂತು, "ಸುಚಿತ್ರಾ, ಬೂದಿ ತಗೊಳ್ಲನೇ?" ಎಂದು ಕೂಗುತ್ತಿದ್ದಳು. ಒಳಗಿನಿಂದ "ಹ್ಞೂಂ" ಎಂದು ಬಂದ ಮೇಲೆಯೇ ಬುಟ್ಟಿ ಕೆಳಗಿಳಿಯುತ್ತಿತ್ತು. ಸುಚಿತ್ರಾ ಅವಳ ತಮ್ಮ ಧರ್ಮಪ್ಪನ ಹೆಂಡತಿ. ಕೆಲವು ದಿನ ಬೇಕೆಂದೇ ಉತ್ತರ ಕೊಡದೆ, ಅತ್ತಿಗೆ ಎಷ್ಟು ಹೊತ್ತು ನಿಲ್ಲುತ್ತಾಳೆ ಎಂದು ಕಿಟಕಿಯಿಂದ ನೋಡುತ್ತಿದ್ದಳು. ಮೂಕಮ್ಮ ನಿಂತೇ ಇರುತ್ತಿದ್ದಳು.

ಈ ಅಭ್ಯಾಸ ಹುಟ್ಟಿನಿಂದ ಬಂದದ್ದಲ್ಲ. ಅವಳನ್ನು ತುಮರಿ ಕಡೆಗೆ ಕೊಟ್ಟಿದ್ದರು. ಗಂಡ ಜ್ವರದಲ್ಲಿ ಹೋದ, ಮಕ್ಕಳಿರಲಿಲ್ಲ. ವರ್ಷದ ಕ್ರಿಯೆ ಮುಗಿಯುವವರೆಗೆ ಇಟ್ಟುಕೊಂಡು ಆಮೇಲೆ ತವರಿಗೆ ಹೊರಡಿಸಿದರು. ಈಗ ಅಲ್ಲಿ ಸೇತುವೆ ಆಗಿದೆ, ಆಗ ಹಿನ್ನೀರು ದಾಟಲು ಲಾಂಚ್ ಒಂದೇ ದಾರಿ. ಲಾಂಚ್ ಕಾಯುವ ದಡದಲ್ಲಿ, ಸಿಗಂದೂರು ದೇವಸ್ಥಾನಕ್ಕೆ ಬಂದ ಜನ ನೋಡುತ್ತಿರುವಾಗಲೇ, ಅತ್ತೆ ಟ್ರಂಕು ತೆರೆಸಿ ಒಂದೊಂದು ಸೀರೆಯನ್ನೂ ಕೊಡವಿದರು. ಬಂಗಾರ ಹುಡುಕಿದರು, ಸಿಗಲಿಲ್ಲ. ತಳದಲ್ಲಿ ಬಟ್ಟೆಯ ತುಂಡಿನಲ್ಲಿ ಕಟ್ಟಿದ ಮೊಗೆಕಾಯಿ ಬೀಜ ಸಿಕ್ಕಿತು. ಅದು ಮೂಕಮ್ಮನೇ ಬೆಳೆದ ಬಣ್ಣದ ಸೌತೆಯಿಂದ ತೆಗೆದು, ತೊಳೆದು, ಬೂದಿ ಹಚ್ಚಿ ಒಣಗಿಸಿಟ್ಟ ಬೀಜ. "ನಮ್ಮ ಹಿತ್ಲ ಬೀಜನೂ ಬಿಡ್ಲಿಲ್ಲ ನೋಡಿ ಇವ್ಳು" ಎಂದು ಅತ್ತೆ ಅದನ್ನು ಜನಕ್ಕೆ ಎತ್ತಿ ತೋರಿಸಿ, ಗಂಟು ಬಿಚ್ಚಿ ಹಿನ್ನೀರಿಗೆ ಸುರಿದರು. ಬೀಜ ಮುಳುಗಲಿಲ್ಲ. ಲಾಂಚ್ ಬರುವವರೆಗೂ ದಡದಲ್ಲೇ ತೇಲುತ್ತಿತ್ತು. ಅವತ್ತಿನಿಂದ ಮೂಕಮ್ಮ ಯಾರ ಮನೆಯಲ್ಲೂ ಒಂದು ಕಡ್ಡಿಯನ್ನೂ ಕೇಳದೆ ಮುಟ್ಟಿದವಳಲ್ಲ.

ತಮ್ಮನ ಮನೆ ತೀರ್ಥಹಳ್ಳಿಯಿಂದ ಹೊಸನಗರಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಕೊಟ್ಟಿಗೆಗೆ ತಾಗಿದ ಹುಲ್ಲಿನ ಕೋಣೆಯನ್ನು ಖಾಲಿ ಮಾಡಿ ಅವಳಿಗೆ ಕೊಟ್ಟರು. ಊಟ ಎಲ್ಲರದೂ ಆದ ಮೇಲೆ. ಅಡುಗೆಮನೆ ಬಾಗಿಲಲ್ಲಿ ಬಟ್ಟಲು ಹಿಡಿದು ನಿಲ್ಲಬೇಕು. ಸುಚಿತ್ರಾ ಅನ್ನ ಹಾಕಿ, ಸಾರು ಬಿಟ್ಟು, ಸೌಟನ್ನು ಅರ್ಧದಲ್ಲೇ ನಿಲ್ಲಿಸಿ, ಜಗಲಿಯಲ್ಲಿ ಕೂತವರಿಗೂ ಕೇಳುವ ಹಾಗೆ, "ಅತ್ತಿಗೆ, ಇನ್ನೊಂದ್ ಸೌಟು ಬೇಕಾ?" ಎನ್ನುತ್ತಿದ್ದಳು. ಬೇಕು ಎಂದರೆ ಹಾಕುತ್ತಿದ್ದಳು, ಹಾಕುವುದಿಲ್ಲ ಎಂದು ಹೇಳಲಾಗದು. ಆದರೆ ಅವಳ ಬಾಯಲ್ಲಿ ಬೇಕು ಎಂದು ಹೇಳಿಸದೆ ಹಾಕುತ್ತಿರಲಿಲ್ಲ. ಮೂಕಮ್ಮ ಬೇಡ ಎನ್ನುತ್ತಿದ್ದಳು. ಹಾಗೆ ಬೇಡ ಬೇಡ ಎಂದೇ ಕುಪ್ಪಸದ ತೋಳು ಸಡಿಲವಾಯಿತು.

ಗುಂಡಿ ಸಿಕ್ಕಿದ್ದು ಒಂದು ಭೂಮಿ ಹುಣ್ಣಿಮೆಯ ದಿನ. ತೆನೆ ಹೊತ್ತ ಗದ್ದೆಗೆ ಬಸುರಿಯ ಬಯಕೆಯ ಅಡುಗೆ ಬಡಿಸಿ, ಎಡೆಯನ್ನು ಮಣ್ಣಲ್ಲಿ ಹುಗಿದು ಬಂದು ಎಲ್ಲರೂ ಊಟಕ್ಕೆ ಕೂತಿದ್ದರು. ಕೆಳಗದ್ದೆಯ ಮಂಜುನಾಥಪ್ಪ, ತಮಾಷೆಯ ಮನುಷ್ಯ, "ಅಲ್ಲ ಧರ್ಮಪ್ಪ, ಭೂಮ್ತಾಯಿಗೆ ಇಷ್ಟೆಲ್ಲ ಬಡಿಸ್ದೆ, ಅಕ್ಕಂಗೆ ಎಂತ ಕೊಟ್ಟೆ?" ಎಂದು ಕೆಣಕಿದ. ಧರ್ಮಪ್ಪ ಬಾಯಲ್ಲಿದ್ದ ತುತ್ತು ನುಂಗಿ, ಗುಡ್ಡದ ಬದಿಗೆ ಕೈ ತೋರಿಸಿ, "ಅಗೋ, ಆ ಕಲ್ಲುಗುಂಡಿ. ಪೂರ್ತಿ ಅವ್ಳದೇ. ಎಂತ ಬೇಕಾದ್ರೂ ಬೆಳ್ಕೊಳ್ಲಿ" ಎಂದ. ಪಂಕ್ತಿಯೇ ನಕ್ಕಿತು. ಮನೆ ಕಟ್ಟುವಾಗ ಜಂಬಿಟ್ಟಿಗೆ ಕಲ್ಲು ಕಡಿದು ತೆಗೆದ ಜಾಗ ಅದು. ಮೂರು ಕಡೆ ಕೆಂಪು ಗೋಡೆ, ಒಂದು ಕಡೆ ಕಲ್ಲಿನ ಗಾಡಿ ಬರಲು ಬಿಟ್ಟ ಬಾಯಿ. ತಳ ಬಂಡೆಯಂತೆ ಗಟ್ಟಿ. ಗುದ್ದಲಿ ಹಾಕಿದರೆ ಠಣ್ ಎಂದು ಕೈಗೆ ವಾಪಸು ಬರುತ್ತಿತ್ತು. ಅಲ್ಲಿ ಹುಲ್ಲೂ ಹುಟ್ಟುತ್ತಿರಲಿಲ್ಲ.

ಎಲ್ಲರೂ ಕೈ ತೊಳೆಯುವಾಗ ಮೂಕಮ್ಮ ತಮ್ಮನ ಹತ್ತಿರ ಹೋಗಿ, ಗುಂಡಿ ನಿಜವಾಗಿಯೂ ತನಗೇ ಕೊಟ್ಟದ್ದೋ ಎಂದು ಕೇಳಿದಳು. ಧರ್ಮಪ್ಪ ಮತ್ತೆ ನಕ್ಕು, ನಿನಗೇ ಮಾರಾಯ್ತಿ ಎಂದ.

ಅಲ್ಲಿಂದ ಶುರುವಾಯಿತು ಅವಳ ಮಣ್ಣಿನ ಕೆಲಸ. ಇಲ್ಲದ ಮಣ್ಣನ್ನು ಮಾಡಬೇಕು. ಮೊದಲು ತಳಕ್ಕೆ ಲಂಟಾನದ ಕಡ್ಡಿ, ಅದರ ಮೇಲೆ ಅಡಿಕೆ ಸಿಪ್ಪೆ. ಹಸಿ ಸಿಪ್ಪೆ ಹಾಕಿದರೆ ಚೊಗರಿಗೆ ಗಿಡ ಬರುವುದಿಲ್ಲ, ಎರಡು ಮಳೆ ತಿಂದು ಕಪ್ಪಾದ ಸಿಪ್ಪೆಯೇ ಆಗಬೇಕು. ಅದನ್ನು ಧರ್ಮಪ್ಪನ ಅಂಗಳದ ಮೂಲೆಯಿಂದ ಕೇಳಿ ತಂದಳು. ಅದರ ಮೇಲೆ ಬೆಟ್ಟದ ದರಗು. ಒಣಗಿದ ಎಲೆಗೆ ಏನು ಕೇಳುವುದು ಎಂದು ಬೇರೆಯವರು ಅಂದುಕೊಳ್ಳಬಹುದು, ಆದರೆ ಅದು ತಮ್ಮನ ಸೊಪ್ಪಿನ ಬೆಟ್ಟ, ಅದನ್ನೂ ಕೇಳಿದಳು. ಮೀನು ತೊಳೆದ ನೀರು, ಅಕ್ಕಿ ತೊಳೆದ ನೀರು ಕೇಳಿದಳು. ಮೊಟ್ಟೆ ಸಿಪ್ಪೆ ಕೇಳಿ ತಂದು ಒಣಗಿಸಿ ಕಲ್ಲಲ್ಲಿ ಅರೆದಳು. ದಿನಾ ಬೆಳಗ್ಗೆ ಕೊಟ್ಟಿಗೆ ಬಾಚಿ ತೊಳೆಯುವವಳು ಅವಳೇ, ಆದರೂ ಬಾಚಿದ ಸಗಣಿಯಲ್ಲಿ ಒಂದು ಬುಟ್ಟಿಯನ್ನು ಬೇರೆ ಇಟ್ಟು, ಅಂಗಳಕ್ಕೆ ಬಂದು, "ಧರ್ಮ, ಒಂದ್ ಬುಟ್ಟಿ ಸಗಣಿ ತಗೊಳ್ಲನಾ?" ಎಂದು ಕೇಳುತ್ತಿದ್ದಳು.

ಸಗಣಿಗೂ ಬೂದಿಗೂ ಒಟ್ಟಿಗೆ ಆಗಿಬರುವುದಿಲ್ಲ. ಎರಡನ್ನೂ ಹಸಿಯಲ್ಲಿ ಕಲಸಿದರೆ ಮೂಗಿಗೆ ಖಾರ ಹೊಡೆಯುತ್ತದೆ. ಆ ಖಾರದ ಜೊತೆಗೇ ಗೊಬ್ಬರದ ಸತ್ವವೂ ಹೋಯಿತು ಎಂದು ಲೆಕ್ಕ. ಅದಕ್ಕೆ ಸಗಣಿಯನ್ನು ದರಗಿನ ಜೊತೆ ಮೆಟ್ಟಿ ಕೊಳೆಯಲು ಬಿಟ್ಟು, ಅದು ವಾಸನೆ ಬಿಟ್ಟ ಮೇಲೆ ಬೂದಿಯನ್ನು ಮೇಲಿಂದ ಹಿಡಿ ಹಿಡಿಯಾಗಿ ಉದುರಿಸುತ್ತಿದ್ದಳು. ಬೇಸಗೆಯಲ್ಲಿ ಸುಡುಮಣ್ಣು ಮಾಡುತ್ತಿದ್ದಳು. ಕಡ್ಡಿ, ದರಗು ಗುಡ್ಡೆ ಹಾಕಿ, ಮೇಲೆ ಗದ್ದೆ ಏರಿಯ ಮಣ್ಣುಹೆಂಟೆ ಮುಚ್ಚಿ, ಗಾಳಿ ಬರುವ ಕಡೆಯಿಂದ ಬೆಂಕಿ ಕೊಡುವುದು. ಹೊಗೆ ಬರಬೇಕು, ಉರಿ ಬರಬಾರದು. ಉರಿ ಎದ್ದಲ್ಲಿ ಒಂದು ಹಿಡಿ ಮಣ್ಣು ಒತ್ತಬೇಕು. ಒಳಗೊಳಗೇ ಬೆಂದು ಆರಿದ ಮೇಲೆ ಮಣ್ಣು ಹಗುರಾಗಿ, ಅವಲಕ್ಕಿಯ ಹಾಗೆ ಕೈಯಲ್ಲಿ ಉದುರುತ್ತದೆ. ಅದನ್ನೂ ಕೆರೆಯ ಹೂಳನ್ನೂ ಸೇರಿಸಿ ಪದರ ಪದರವಾಗಿ ಹರಡಿ ಬರಿಗಾಲಲ್ಲಿ ಮೆಟ್ಟುತ್ತಿದ್ದಳು. ಮಳೆಗಾಲದಲ್ಲಿ ಕೊಚ್ಚಿಹೋಗಬಾರದೆಂದು ಗುಂಡಿಯ ಬಾಯಿಗೆ ಕಲ್ಲಿನ ತಡೆ ಕಟ್ಟಿ, ನೀರು ಮಾತ್ರ ಸೋರುವ ಹಾಗೆ ನಡುವೆ ದರಗು ತುರುಕಿದ್ದಳು.

ಮೊದಲ ವರ್ಷ ಹರಿವೆಯೂ ಬೆರಳುದ್ದಕ್ಕೆ ನಿಂತಿತು. ಸುಚಿತ್ರಾ ಬಂದವರಿಗೆಲ್ಲ ಗುಂಡಿ ತೋರಿಸಿ, ನಮ್ಮ ಅತ್ತಿಗೆ ಕಲ್ಲಿಗೆ ಊಟ ಹಾಕ್ತಾರೆ ಎನ್ನುತ್ತಿದ್ದಳು. ಆಮೇಲೊಂದು ವರ್ಷ ದರಗು ಸರಿಸಿದಾಗ ಎರೆಹುಳ ಕಂಡವು. ಅವು ಮಾತ್ರ ಅವಳು ಕೇಳಿ ತಂದದ್ದಲ್ಲ, ತಾವಾಗಿ ಬಂದದ್ದು. ವರ್ಷಗಳು ಹೋದ ಹಾಗೆ ಕೆಂಪು ತಳದ ಮೇಲೆ ಮೊಣಕಾಲು ಮುಳುಗುವಷ್ಟು ಕಪ್ಪು ಮಣ್ಣು ನಿಂತಿತು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುತ್ತಿತ್ತು, ಹೆಬ್ಬೆರಳು ತಾಗಿಸಿದರೆ ಬಿರಿಯುತ್ತಿತ್ತು. ಬಸಳೆ, ಹೀರೆ, ಬೆಂಡೆ, ಮೊಗೆ ಎಲ್ಲ ಬಂತು. ಕೋಣಂದೂರಿನ ಒಂದು ಖಾನಾವಳಿಯವರು ಬಸ್ಸಿನಲ್ಲಿ ಸೊಪ್ಪು ತರಿಸಿಕೊಳ್ಳತೊಡಗಿದರು. ಅದರಿಂದ ಅಕ್ಕಿ, ಉಪ್ಪು, ಎಣ್ಣೆ ಬಂತು. ಮೂಕಮ್ಮ ತನ್ನ ಕೋಣೆಯಲ್ಲೇ ಮೂರು ಕಲ್ಲಿಟ್ಟು ಒಲೆ ಹಚ್ಚಿದಳು. ಬಾಗಿಲಲ್ಲಿ ಹಿಡಿದು ನಿಲ್ಲುತ್ತಿದ್ದ ಬಟ್ಟಲನ್ನು ಬೆಳಗಿ, ಅಟ್ಟದ ಮೇಲೆ ಕವುಚಿ ಇಟ್ಟಳು. ಇನ್ನು ಅದನ್ನು ತಿರುಗಿಸುವ ದಿನ ಬರಬಾರದು ಎಂಬುದೊಂದೇ ಅವಳಿಗೆ ಇದ್ದ ಆಸೆ.

ಬಟ್ಟಲು ಬರದಿದ್ದುದು ಸುಚಿತ್ರಾಗೆ ಹಿಡಿಸಲಿಲ್ಲ. ಕಡಿಮೆಯಾದ ಖರ್ಚಿಗೆ ಸಂತೋಷ ಪಡುವ ಹೆಂಗಸೇ ಅವಳು, ಆದರೆ ಸೌಟು ಅರ್ಧದಲ್ಲಿ ನಿಲ್ಲಿಸುವ ಸುಖ ಬೇರೆ.

ಕಳೆದ ವರ್ಷ ಧರ್ಮಪ್ಪನ ಮಗ ಪೂರ್ಣೇಶ್ ಹೋಂಸ್ಟೇ ಮಾಡುತ್ತೇನೆ ಎಂದು ಹೊರಟ. ಮನೆಯ ಕೆಳಗಿನ ಇಳಿಜಾರನ್ನು ಜೆಸಿಬಿಯಲ್ಲಿ ಕೆತ್ತಿಸಿ, ಕೆಂಪು ಗೊಚ್ಚುಮಣ್ಣು ತುಂಬಿಸಿ, ನಾಲ್ಕು ಕೋಣೆ ಕಟ್ಟಿಸಿದ. ಕೋಣೆಗಳ ಮುಂದೆ ಹೂವಿನ ತೋಟ, ತರಕಾರಿ ಮಡಿ ಇರಬೇಕು, ಬಂದವರು ತಾವೇ ಸೊಪ್ಪು ಕೊಯ್ದು ಫೋಟೋ ತೆಗೆಸಿಕೊಳ್ಳಬೇಕು ಎಂದು ಅವನ ಅಂದಾಜು. ನರ್ಸರಿಯಿಂದ ತಂದ ಗಿಡಗಳೆಲ್ಲ ಆ ಗೊಚ್ಚಿನಲ್ಲಿ ಎಲೆ ಸುರುಳಿಸಿಕೊಂಡು ಒಣಗಿದವು. ಒಂದು ಸಂಜೆ ಅವನು ಗುಂಡಿಯ ಅಂಚಿಗೆ ಬಂದು, ಸೋದರತ್ತೆಯ ಬಸಳೆ ಚಪ್ಪರ ನೋಡುತ್ತ ನಿಂತ. ಮೂಕಮ್ಮ ಅವನಿಗೆ ಎರಡು ಹೀರೆಕಾಯಿ ಕೊಟ್ಟು ಕಳಿಸಿದಳು.

ಮಾರನೆ ದಿನ ಗುಂಡಿಯ ಬಾಯಿಗೆ ಜೆಸಿಬಿ ಬಂತು, ಹಿಂದೆ ಟ್ರ್ಯಾಕ್ಟರ್. ಮೂಕಮ್ಮ ಹರಿವೆಯ ಮಡಿಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಕಲ್ಲಿನ ತಡೆಯನ್ನು ಯಂತ್ರ ಬದಿಗೆ ನೂಕಿದಾಗ ಎದ್ದು ನಿಂತಳು. ಮೇಲೆ ಅಂಚಿನಲ್ಲಿ ಧರ್ಮಪ್ಪ, ಅವನ ಪಕ್ಕದಲ್ಲಿ ಸುಚಿತ್ರಾ.

"ಧರ್ಮ, ಇದು ನಂಗೆ ಕೊಟ್ಟಿದ್ದಲ್ದಾ?" ಎಂದಳು ಮೂಕಮ್ಮ.

"ಕೊಟ್ಟಿದ್ದು ಗುಂಡಿ ಅಕ್ಕಾ. ಗುಂಡಿ ಎಲ್ಲಿಗ್ ಹೋಗುತ್ತೆ? ಅದು ನಿಂದೇ, ಇಟ್ಕೋ." ಧರ್ಮಪ್ಪ ಅವಳ ಮುಖ ನೋಡದೆ ಜೆಸಿಬಿಯ ಕಡೆ ನೋಡಿಕೊಂಡು ಹೇಳಿದ.

"ಮತ್ತೆ ಮಣ್ಣು?"

ಇದಕ್ಕೆ ಸುಚಿತ್ರಾ ಸಿದ್ಧವಾಗಿಯೇ ಬಂದಿದ್ದಳು. ಸ್ವರ ಏರಿಸಲಿಲ್ಲ. "ಸಗಣಿ ಯಾರ ಕೊಟ್ಟಿಗೇದು ಅತ್ತಿಗೆ?"

ಮೂಕಮ್ಮ ಸುಳ್ಳು ಹೇಳುವವಳಲ್ಲ. "ನಿಮ್ದು."

"ದರಗು?"

"ನಿಮ್ಮ ಬೆಟ್ಟದ್ದು."

"ಬೂದಿ?"

"ನಿಮ್ದೇ ಮಾರಾಯ್ತಿ. ಆದ್ರೆ ನಾ ಕದ್ದಿಲ್ವಲ್ಲ. ಎಲ್ಲ ಕೇಳೇ ತಗೊಂಡಿದ್ದು. ಒಂದ್ ದಿನಾನೂ ಕೇಳ್ದೆ ಮುಟ್ಟಿಲ್ಲ."

"ಅದೇ ನಾನೂ ಹೇಳದು" ಎಂದಳು ಸುಚಿತ್ರಾ. "ನಿಮ್ದೇ ಆಗಿದ್ರೆ ಕೇಳ್ತಿದ್ರಾ?"

ಬಾಗಿಲ ಹೊರಗೆ ಬುಟ್ಟಿ ಹಿಡಿದು ನಿಂತ ಬೆಳಗುಗಳೆಲ್ಲ ಈಗ ಮೂಕಮ್ಮನ ವಿರುದ್ಧವೇ ಸಾಕ್ಷಿ ಹೇಳಲು ಬಂದು ನಿಂತ ಹಾಗಾಯಿತು. ಕಾಲ ಕೆಳಗಿನ ಮಣ್ಣು ನೋಡಿ, "ನಾ ಮೆಟ್ಟಿದ್ದು?" ಎಂದು ಕೇಳಿದಳು.

"ಮೆಟ್ಟಿದ್ರಿ. ಅದ್ ನಿಮ್ದೇ, ಇಟ್ಕೊಳ್ಳಿ."

ಜೆಸಿಬಿ ಓಡಿಸುವವನು ನಕ್ಕ. ಧರ್ಮಪ್ಪನಿಗೂ ನಗು ಬಂತು, ಕೆಮ್ಮಿದ ಹಾಗೆ ಮಾಡಿ ತಿರುಗಿ ನಡೆದ. ಯಂತ್ರದ ಕೈ ಬಸಳೆ ಚಪ್ಪರದ ಮೇಲೆಯೇ ಇಳಿಯಿತು. ಸೊಪ್ಪು ಕೊಯ್ದುಕೊಳ್ಳಲೂ ಬಿಡಲಿಲ್ಲ. ಹಲ್ಲಿನ ಬಕೆಟ್ಟು ಒಂದೊಂದು ಸಲ ಎದ್ದಾಗಲೂ ತುಂಡಾದ ಎರೆಹುಳಗಳು ಅಂಚಿನಿಂದ ಜೋತು ಒದ್ದಾಡುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಕೆಂಪು ತಳ ಮತ್ತೆ ಕಂಡಿತು, ಮೊದಲ ದಿನ ಹೇಗಿತ್ತೋ ಹಾಗೆ.

ಮಣ್ಣನ್ನು ಹೋಂಸ್ಟೇ ಮುಂದೆ ರಾಶಿ ಹಾಕಿದರು. ಕೆಲಸದವರು ಬೂಟು ಹಾಕಿಕೊಂಡು ಅದರ ಮೇಲೆ ಓಡಾಡುವುದನ್ನು ಮೂಕಮ್ಮನಿಂದ ನೋಡಲಾಗಲಿಲ್ಲ. ತಾನಾಗಿಯೇ ಹೋಗಿ ಹರಡಲು ನಿಂತಳು. ಪೂರ್ಣೇಶನಿಗೆ ಅದು ಅನುಕೂಲವೇ ಆಯಿತು. ಅತ್ತೆ ದೊಡ್ಡ ಮನಸ್ಸು ಮಾಡಿದರು ಎಂದು ಅಮ್ಮನಿಗೆ ಹೇಳಿದ.

ಜಾಗ ಇಳಿಜಾರು ಎಂಬುದು ಮೊದಲ ಬುಟ್ಟಿ ಸುರಿಯುವಾಗಲೇ ಅವಳ ಕಾಲಿಗೆ ತಿಳಿಯಿತು. ಕೆಳಗಿನ ಗೊಚ್ಚು ರೋಲರ್ ಓಡಿಸಿ ನುಣುಪಾಗಿತ್ತು. ಅದರ ಮೇಲೆ ಮಣ್ಣು ನಿಲ್ಲಬೇಕಾದರೆ ಅಡ್ಡಕ್ಕೆ ಕಲ್ಲು ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಮಡಿ ಮಾಡಬೇಕು. ಕೇಳಿದ್ದರೆ ಹೇಳುತ್ತಿದ್ದಳು. ಅವಳ ಆಯುಷ್ಯವೆಲ್ಲ ಕೇಳುವುದರಲ್ಲೇ ಹೋಗಿತ್ತು, ಅವಳನ್ನು ಕೇಳಿದವರು ಒಬ್ಬರೂ ಇರಲಿಲ್ಲ. ಅವಳು ಬಾಯಿ ಬಿಡಲಿಲ್ಲ. ಮಣ್ಣನ್ನು ಚಂದ ಮಾಡಿ, ಒಂದು ಹೆಂಟೆಯೂ ಇಲ್ಲದ ಹಾಗೆ, ಮೇಲಿನಿಂದ ಕೆಳಕ್ಕೆ ನೀರಿಗೆ ಒಂದು ತಡೆಯೂ ಇಲ್ಲದ ಹಾಗೆ, ಹಲುಬೆಯಲ್ಲಿ ಎಳೆದು ಸಮ ಮಾಡಿ ಕೊಟ್ಟಳು.

ಮೇ ತಿಂಗಳ ಕೊನೆಗೆ ಒಂದು ಸಂಜೆ ಗುಡುಗಿನ ಮಳೆ ಹೊಡೆಯಿತು. ಮೂಕಮ್ಮ ಕೊಟ್ಟಿಗೆಯ ಸೂರಿನಡಿ ನಿಂತು ನೋಡಿದಳು. ಮೊದಲು ಮಡಿಯ ಮೇಲೆ ಸಣ್ಣ ಗೆರೆಗಳು ಬಿದ್ದವು. ಗೆರೆಗಳು ಕೂಡಿ ಕಾಲುವೆಯಾದವು. ಆಮೇಲೆ ಇಡೀ ಕಪ್ಪು ಹಾಸು ಜಮಖಾನ ಎಳೆದ ಹಾಗೆ ಜಾರಿ, ಚರಂಡಿಗೆ ಬಿದ್ದು, ಕೆಳಗೆ ಮಂಜುನಾಥಪ್ಪನ ಗದ್ದೆಗೆ ಇಳಿಯಿತು. ಹೂವಿನ ಗಿಡಗಳು ಬೇರು ಮೇಲಾಗಿ ಹೋದವು. ಸುಚಿತ್ರಾ ತಲೆ ಮೇಲೆ ಗೋಣಿ ಹಾಕಿಕೊಂಡು ಅಂಗಳದಲ್ಲಿ ಆ ಕಡೆ ಈ ಕಡೆ ಓಡುತ್ತಿದ್ದಳು. ಇದನ್ನು ನೋಡಿದರೆ ಹೊಟ್ಟೆ ತಣ್ಣಗಾಗುತ್ತದೆ ಎಂದು ಮೂಕಮ್ಮ ಎಣಿಸಿಕೊಂಡಿದ್ದಳು. ತಣ್ಣಗಾಗಲಿಲ್ಲ. ಹೋಗುತ್ತಿದ್ದುದು ಅವರ ತೋಟ ಅಲ್ಲ, ಅವಳ ಕಾಲಡಿಯ ಮಣ್ಣು. ಮಳೆ ನಿಂತಾಗ ಅವಳ ಸೀರೆಯ ಸೆರಗು ಹಲ್ಲಿನ ನಡುವೆ ಇತ್ತು, ಯಾವಾಗ ಕಚ್ಚಿಕೊಂಡಳೋ ಅವಳಿಗೇ ಗೊತ್ತಿರಲಿಲ್ಲ.

ಮನೆಯವರು ತಪ್ಪನ್ನು ಮಣ್ಣಿನ ಮೇಲೆ ಹೊರಿಸಿದರು. ಗಟ್ಟಿಯಿಲ್ಲದ ಮಣ್ಣು, ಬರೀ ಕಸ ಕೊಳೆಸಿ ಮಾಡಿದ್ದು, ಅದಕ್ಕೇ ನಿಲ್ಲಲಿಲ್ಲ ಎಂದು ಸುಚಿತ್ರಾ ಬಂದವರಿಗೆ ಹೇಳಿದಳು. ಪೂರ್ಣೇಶ್ ಅಂಗಳಕ್ಕೆಲ್ಲ ಇಂಟರ್‌ಲಾಕ್ ಇಟ್ಟಿಗೆ ಹಾಸಿಸಿ, ಪ್ಲಾಸ್ಟಿಕ್ ಕುಂಡಗಳನ್ನು ಸಾಲಾಗಿ ಇಟ್ಟ. ಹೋಂಸ್ಟೇ ಚೆನ್ನಾಗಿಯೇ ನಡೆಯಿತು.

ಮೂಕಮ್ಮನ ಅಕ್ಕಿ ಡಬ್ಬಿ ಖಾಲಿಯಾಯಿತು. ಅಟ್ಟದ ಮೇಲಿನ ಬಟ್ಟಲು ತಿರುಗಿಸಿ, ಧೂಳು ತೊಳೆದು, ಅಡುಗೆಮನೆ ಬಾಗಿಲಿಗೆ ಹೋದಳು. ಸುಚಿತ್ರಾ ಅನ್ನ ಹಾಕಿದಳು, ಸಾರು ಬಿಟ್ಟಳು, ಸೌಟು ಅರ್ಧದಲ್ಲಿ ನಿಲ್ಲಿಸಿದಳು. ಜಗಲಿಯಲ್ಲಿ ಆವತ್ತು ಹೋಂಸ್ಟೇಗೆ ಬಂದವರೂ ಇದ್ದರು.

"ಅತ್ತಿಗೆ, ಇನ್ನೊಂದ್ ಸೌಟು ಬೇಕಾ?"

ಮೂಕಮ್ಮ ಬೇಡ ಎಂದಳು.

ಮಾರನೆ ದಿನ ಊಟದ ಹೊತ್ತು ಅವಳು ಬಾಗಿಲಿಗೆ ಹೋಗಲಿಲ್ಲ. ಬುಟ್ಟಿ ಹಿಡಿದು ಮಂಜುನಾಥಪ್ಪನ ಗದ್ದೆಗೆ ಇಳಿದಳು. ಚರಂಡಿ ಬಂದು ಸೇರುವ ಮೂಲೆಯಲ್ಲಿ ಕಪ್ಪು ಮಣ್ಣು ಗದ್ದೆಯ ಕೆಸರಿಗಿಂತ ಬೇರೆಯಾಗಿ, ಎತ್ತರಕ್ಕೆ ಕೂತಿತ್ತು. ಅಡಿಕೆ ಸಿಪ್ಪೆಯ ನಾರು, ಮೊಟ್ಟೆ ಸಿಪ್ಪೆಯ ಬಿಳಿ ಚೂರು, ಎಲ್ಲ ಗುರುತು ಹಿಡಿದಳು. ಯಾರನ್ನೂ ಕೇಳಲಿಲ್ಲ. ಲಾಂಚ್ ದಡದ ಆ ದಿನದಿಂದ ಈಚೆಗೆ ಅವಳು ಕೇಳದೆ ಕೈ ಹಾಕಿದ್ದು ಇದೇ ಮೊದಲು. ಕೈಯಲ್ಲೇ ಬಾಚಿ ಬಾಚಿ ಬುಟ್ಟಿ ತುಂಬಿದಳು. ತಲೆಗೆ ಏರಿಸಿ ಗದ್ದೆಯ ಏರಿ ಹತ್ತುವಾಗ ಎದುರಿಗೆ ಮಂಜುನಾಥಪ್ಪ ಸಿಕ್ಕ.

ಅವನು ಕೂಗಾಡುವ ಮನುಷ್ಯನಲ್ಲ. ನಗುತ್ತಲೇ ದಾರಿಗೆ ಅಡ್ಡ ನಿಂತು, ಮೊಬೈಲಿನಲ್ಲಿ ಧರ್ಮಪ್ಪನನ್ನು ಕರೆದ. ನಿಮ್ಮಕ್ಕ ನಮ್ಮ ಗದ್ದೆ ಹೊತ್ಕೊಂಡ್ ಹೋಗ್ತಾ ಇದ್ದಾರೆ, ಬಂದು ನೋಡು ಎಂದ. ಧರ್ಮಪ್ಪ ಬಂದ, ಹಿಂದೆಯೇ ಸುಚಿತ್ರಾ. ದಾರಿಯಲ್ಲಿ ಹೋಗುತ್ತಿದ್ದ ನಾಲ್ಕು ಜನ ನಿಂತರು. ಮೂಕಮ್ಮ ತಲೆಯ ಮೇಲಿನ ಬುಟ್ಟಿ ಇಳಿಸಿರಲಿಲ್ಲ. ಕೆಸರುನೀರು ಅವಳ ಕೆನ್ನೆಯ ಮೇಲೆ ಇಳಿಯುತ್ತಿತ್ತು.

"ಬಾಯಿರ್ಲಿಲ್ವಾ ನಿಂಗೆ?" ಎಂದ ಧರ್ಮಪ್ಪ. ನಾಚಿಕೆಯಿಂದ ಅವನ ಕಿವಿ ಕೆಂಪಾಗಿತ್ತು. "ಒಂದ್ ಮಾತು ಕೇಳಿದ್ರೆ ಕೊಡ್ತಿದ್ರಪ್ಪ. ಕೇಳ್ದೆ ತಗೊಂಡ್ರೆ ಅದಕ್ಕೆ ಎಂತ ಹೇಳ್ತಾರೆ ಗೊತ್ತಾ?"

"ಗೊತ್ತು" ಎಂದಳು ಮೂಕಮ್ಮ. "ಕೇಳಿ ತಗೊಂಡ್ರೆ ಎಂತ ಹೇಳ್ತಾರೆ ಅಂತನೂ ಗೊತ್ತು."

ಧರ್ಮಪ್ಪ ಅವಳ ತಲೆಯಿಂದ ಬುಟ್ಟಿಯನ್ನು ತಾನೇ ಇಳಿಸಿ, ಏರಿಯ ಮೇಲೆ ನಿಂತು, ಮಂಜುನಾಥಪ್ಪನ ಗದ್ದೆಗೆ ಬೋರಲು ಹಾಕಿದ. ತಳಕ್ಕೆ ಎರಡು ಸಲ ಬಡಿದು, ಅಂಟಿದ್ದನ್ನೂ ಉದುರಿಸಿದ. ಬುಟ್ಟಿ ನಮ್ಮ ಕೊಟ್ಟಿಗೆಯದ್ದು ಎಂದು ಸುಚಿತ್ರಾ ನೆನಪಿಸಿದಳು. ಅವನು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದ. ಸುಚಿತ್ರಾ ಹೋಗುವಾಗ ತಿರುಗಿ, ಅತ್ತಿಗೆ, ನಲ್ಲಿ ಹತ್ರ ಕೈಕಾಲು ತೊಳ್ಕೊಂಡು ಬನ್ನಿ, ಅನ್ನ ಆರ್ತಾ ಇದೆ ಎಂದಳು.

ಮೂಕಮ್ಮ ನಲ್ಲಿಯ ಹತ್ತಿರ ಹೋಗಲಿಲ್ಲ. ಮೊಣಕೈವರೆಗೆ ಕೆಸರು ಮೆತ್ತಿದ ಕೈಗಳನ್ನು ಮೈಗೂ ಸೀರೆಗೂ ತಾಗಿಸದೆ, ತುಂಬಿದ ತಟ್ಟೆ ಹಿಡಿದವಳ ಹಾಗೆ ಮುಂದೆ ಚಾಚಿಕೊಂಡು ಗುಂಡಿಗೆ ನಡೆದಳು. ಮೂಲೆಯಲ್ಲಿ ಯಂತ್ರದ ಹಲ್ಲು ಕೆತ್ತಿದ ಒಂದು ತಗ್ಗಿತ್ತು, ಅದರಲ್ಲಿ ಮಳೆನೀರು ನಿಂತಿತ್ತು. ಅಲ್ಲಿ ಕೂತು ಕೈ ತೊಳೆದಳು. ಬೆರಳ ಸಂದಿ, ಉಗುರಿನ ಸಂದಿ, ಬಳೆಯಿಲ್ಲದ ಮಣಿಕಟ್ಟು ಎಲ್ಲ ಉಜ್ಜಿದಳು. ಕಾಲನ್ನೂ ಅದರಲ್ಲೇ ಅದ್ದಿ ತಿಕ್ಕಿದಳು. ಕೊನೆಗೆ ಕೆನ್ನೆಯ ಮೇಲೆ ಒಣಗಿದ್ದನ್ನೂ ಒದ್ದೆ ಬೆರಳಲ್ಲಿ ಬಿಡಿಸಿ ನೀರಿಗೆ ಬಿಟ್ಟಳು. ಆಮೇಲೆ ಕದಡದ ಹಾಗೆ ಕೈ ತೆಗೆದು, ಅದು ಕೆಳಗೆ ಕೂರುವುದನ್ನೇ ನೋಡುತ್ತಾ ಕೂತಳು. ಮನೆಯ ಕಡೆಯಿಂದ ಊಟಕ್ಕೆ ಕರೆದದ್ದು ಕೇಳಿಸಿತು. ಕೆಂಪು ಕಲ್ಲಿನ ಮೇಲೆ, ಒಂದು ಮೊಗೆಬೀಜ ಮುಚ್ಚಲೂ ಸಾಲದಷ್ಟು, ಕಪ್ಪಗೆ ಒಂದು ಪದರ ನಿಂತಿತು.